ಚಂದಾ ಕೇಳಲು ಹೊರಟವರ ಪ್ರಶ್ನೆಗಳು

ಈ ಬಾರಿ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ರೋಟರಾಕ್ಟ್, ಜೇಸಿಐ (ಜನ ಜೇಸಿ ಅನ್ನೋದು ಇದನ್ನೇ) ಥರದ ಯುವಜನರ ಸೇವಾ ಸಂಘಗಳಿಗೆ ಸೇರಿದ, ಕೆಲಸಕ್ಕೆ ಹೋಗುವ ಹುಡುಗ ಹುಡುಗಿಯರದು. ನಾಯಕತ್ವ ಕಲಿಯೋಣ ಅಂತ ಸೇರಿದವರು ದುಡ್ಡು ಕೂಡಿಸುವ ಹೊತ್ತಿಗೆ ಸಿಕ್ಕಿಹಾಕಿಕೊಂಡಿದ್ದಾರೆ. ಹಾಗಾಗಿ ಇಡೀ ಅಂಕಣವನ್ನು ಅದಕ್ಕೇ ಕೊಡುತ್ತಿದ್ದೇನೆ.

ಪ್ರಶ್ನೆ: ನಮ್ಮದು ಚನ್ನರಾಯಪಟ್ಟಣದ ಕಡೆ. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡ್ತೀನಿ, ವಯಸ್ಸು 26. ನಾಲ್ಕು ಜನರ ಮುಂದೆ ಮಾತಾಡೋ ಧೈರ್ಯ ಬರಲಿ ಅಂತ ರೋಟರಾಕ್ಟ್ ಕ್ಲಬ್ ಸೇರಿದೆ. ಈಗ ಒಂದು ಸರ್ಕಾರಿ ಶಾಲೆಯಲ್ಲಿ ಹೆಣ್ಣುಮಕ್ಕಳ ಶೌಚಾಲಯಕ್ಕೆ 2 ಲಕ್ಷ ರೂಪಾಯಿ ಕೂಡಿಸುವ ಜವಾಬ್ದಾರಿ ನನ್ನ ತಲೆಗೆ ಬಂದಿದೆ. ವಾಟ್ಸಾಪ್ ಸ್ಟೇಟಸ್ ಹಾಕಿದೆ. ‘ಸೂಪರ್’ ಅಂದರು, ದುಡ್ಡು ಮಾತ್ರ ಬರಲಿಲ್ಲ. ಫೋನ್ ಮಾಡಿ ಕೇಳೋಕೆ ನಾಚಿಕೆ. ಅಮ್ಮ ಬೇರೆ, ‘ನಾವು ಯಾರ ಮುಂದೆಯೂ ಕೈಚಾಚಿದವರಲ್ಲ, ನೀನೂ ಹಾಗೇ ಇರು’ ಅಂತಾರೆ. ಏನು ಮಾಡಲಿ ಮೇಡಂ?

ಉತ್ತರ: ನಿಮ್ಮಮ್ಮನ ಮಾತಿನಿಂದಲೇ ಶುರು ಮಾಡೋಣ. ಅದು ಸುಮ್ನೆ ತಳ್ಳಿಹಾಕುವ ಮಾತಲ್ಲ. ಕಷ್ಟ ಬಂದಾಗಲೂ ಸಾಲಕ್ಕೆ ಹೋಗದೆ ಸಂಸಾರ ತೂಗಿಸಿದವರಿಗೆ ಅದೇ ಮರ್ಯಾದೆ. ಆದರೆ ಇನ್ನೊಬ್ಬರಿಗಾಗಿ ಕೇಳುವ ರೂಢಿ ನಮ್ಮಲ್ಲಿ ಹಿಂದಿನಿಂದಲೂ ಇದೆ. ತುಮಕೂರಿನ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಹಳ್ಳಿ ಹಳ್ಳಿ ತಿರುಗಿ ದವಸ ಕೂಡಿಸಿ ಮಠದ ಮಕ್ಕಳಿಗೆ ಊಟ ಹಾಕಿದರು. ಬೆಳಗಾವಿಯಲ್ಲಿ 1916ರಲ್ಲಿ ಕೆಎಲ್‌ಇ ಶಿಕ್ಷಣ ಸಂಸ್ಥೆ ಶುರು ಮಾಡಿದ್ದು ಏಳು ಜನ ಮೇಷ್ಟ್ರುಗಳು. ಆ ಭಾಗದ ಜನ ಅವರನ್ನು ಇವತ್ತಿಗೂ ಸಪ್ತರ್ಷಿಗಳು ಅಂತಲೇ ಕರೆಯುತ್ತಾರೆ. ಕೊಡುವವರ ನೆರವು ಪಡೆದು ಒಂದು ಶಾಲೆಯಿಂದ ಶುರು ಮಾಡಿದ್ದು ಈಗ ಮೆಡಿಕಲ್ ಕಾಲೇಜಿನ ತನಕ ಬೆಳೆದಿದೆ. ಅಮ್ಮನಿಗೆ ಇದನ್ನು ಹೇಳಿ. ವಾದ ಮಾಡಬೇಡಿ, ಹೇಳಿ ಅಷ್ಟೆ. ಆಮೇಲೆ ಆ ಶಾಲೆಗೆ ಒಂದು ಸಲ ಕರೆದುಕೊಂಡು ಹೋಗಿ. ಏಳನೇ ಕ್ಲಾಸಿನ ಹುಡುಗಿಯರು ಬೆಳಿಗ್ಗೆಯಿಂದ ನೀರು ಕುಡಿಯದೆ ಕೂತಿರೋದನ್ನು ನೋಡಿದ ಮೇಲೆ ನಿಮ್ಮಮ್ಮನೇ ಸೆರಗಿನ ಗಂಟು ಬಿಚ್ಚುತ್ತಾರೆ.

ಇನ್ನು ನಿಮ್ಮ ನಾಚಿಕೆ. ನಿಮಗಿರೋದು ‘ಇಲ್ಲ’ ಅನ್ನಿಸಿಕೊಳ್ಳುವ ಭಯ. ಇದು ಎಲ್ಲರಿಗೂ ಇದೆ, ದೊಡ್ಡ ದೊಡ್ಡ ಸಂಸ್ಥೆ ನಡೆಸುವವರಿಗೂ ಇದೆ. ನೀವು ಮಾತಾಡೋ ಧೈರ್ಯಕ್ಕೆ ಅಂತ ಸೇರಿದ್ದೀರಿ ಅಲ್ವಾ? ಮೈಕ್ ಹಿಡಿದು ಸ್ವಾಗತ ಭಾಷಣ ಮಾಡೋದರಿಂದ ಬರುವ ಧೈರ್ಯ ಸಣ್ಣದು. ಎದುರಿಗಿರುವ ಒಬ್ಬ ಮನುಷ್ಯನ ಮುಖ ನೋಡಿ, ಇಂಥದಕ್ಕೆ ಇಷ್ಟು ಬೇಕು ಅಂತ ಬಾಯಿಬಿಟ್ಟು ಕೇಳಿ, ಅವರು ಇಲ್ಲ ಅಂದರೂ ನಗುನಗುತ್ತಾ ಎದ್ದು ಬಂದು ಮುಂದಿನ ಮನೆಗೆ ಹೋಗೋದಿದೆಯಲ್ಲ, ಅದನ್ನು ಯಾವ ತರಬೇತಿ ಶಿಬಿರವೂ ಕಲಿಸಲ್ಲ. ನಾಳೆ ಆಫೀಸಿನಲ್ಲಿ ಸಂಬಳ ಜಾಸ್ತಿ ಮಾಡಿ ಅಂತ ಕೇಳುವಾಗಲೂ ಇದೇ ಧೈರ್ಯ ಕೆಲಸಕ್ಕೆ ಬರುತ್ತದೆ.

ಮೊದಲು ನಿಮ್ಮ ಪಾಲು ಹಾಕಿ. ಐನೂರೇ ಆಗಲಿ, ಹಾಕಿ. ‘ನಾನು ಇಷ್ಟು ಹಾಕಿದ್ದೀನಿ’ ಅಂದಮೇಲೆ ದನಿ ತಾನಾಗೇ ಗಟ್ಟಿಯಾಗುತ್ತದೆ. ಆಮೇಲೆ ಸ್ಟೇಟಸ್ ಬಿಡಿ. ಎಲ್ಲರಿಗೂ ಕೇಳಿದ್ದು ಯಾರಿಗೂ ಕೇಳಿಸಲ್ಲ. ಒಂದು ಹಾಳೆಯಲ್ಲಿ ಹೆಸರು ಬರೆಯಿರಿ: ಸೋದರಮಾವ, ಹಳೆ ಮೇಷ್ಟ್ರು, ಟೀಮ್ ಲೀಡ್, ಪಿಜಿಯಲ್ಲಿ ಜೊತೆಗಿದ್ದ ಗೆಳತಿ. ಒಬ್ಬೊಬ್ಬರ ಮುಂದೆಯೂ ಎಷ್ಟು ಕೇಳಬೇಕು ಅಂತ ಬರೆಯಿರಿ. ‘ಏನಾದ್ರೂ ಕೊಡಿ’ ಅಂದರೆ ಕೊಡುವವರಿಗೂ ಕಷ್ಟ, ಎಷ್ಟು ಕೊಟ್ಟರೆ ಮರ್ಯಾದೆ ಅಂತ ಗೊತ್ತಾಗದೆ ಮುಂದಕ್ಕೆ ಹಾಕುತ್ತಾರೆ. ಫೋನಿನಲ್ಲಿ ಹೀಗೆ ಹೇಳಿ: ‘ಮಾವ, ನಮ್ಮ ಕ್ಲಬ್ಬಿನಿಂದ ಒಂದು ಶಾಲೆಗೆ ಹೆಣ್ಣುಮಕ್ಕಳ ಶೌಚಾಲಯ ಕಟ್ಟಿಸ್ತಾ ಇದೀವಿ. ನೀರಿನ ಟ್ಯಾಂಕಿಗೆ, ಪೈಪಿಗೆ ಅಂತ ಹತ್ತು ಸಾವಿರ ಬೇಕು. ಅದರಲ್ಲಿ ನೀವು ಐದು ಸಾವಿರ ಹಾಕ್ತೀರಾ?’ ಇಷ್ಟು ಹೇಳಿ ಸುಮ್ಮನಾಗಿಬಿಡಿ. ಆ ಮೌನ ಬಹಳ ಕಷ್ಟ. ಹೆಚ್ಚಿನವರು ಅಲ್ಲೇ ಎಡವುತ್ತಾರೆ, ತಾವೇ ‘ಪರವಾಗಿಲ್ಲ ಮಾವ, ಆಗದಿದ್ರೆ ಬಿಡಿ’ ಅಂದುಬಿಡುತ್ತಾರೆ. ಅವರು ಯೋಚನೆ ಮಾಡಲಿ, ನೀವು ಕಾಯಿರಿ.

ಶಿವಮೊಗ್ಗದಲ್ಲಿ ನಾನು ಕಣ್ಣಾರೆ ನೋಡಿದ್ದು ಒಂದಿದೆ. ಸಂಘದ ಹುಡುಗನೊಬ್ಬ ಹಾರ್ಡ್‌ವೇರ್ ಅಂಗಡಿಯವರ ಹತ್ತಿರ ಚಂದಾ ಕೇಳಲು ಹೋದ. ಅವರು ಲೆಕ್ಕದ ಪುಸ್ತಕದಿಂದ ತಲೆ ಎತ್ತಲೇ ಇಲ್ಲ, ‘ದುಡ್ಡು ಕೊಡಲ್ಲಪ್ಪ’ ಅಂದರು. ಹುಡುಗ ವಾಪಸ್ ಹೊರಡದೆ, ಶಾಲೆಯ ಗೋಡೆ ಅಳತೆ ಬರೆದಿದ್ದ ಚೀಟಿ ಅವರ ಮುಂದಿಟ್ಟ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿ, ‘ಈ ಅಳತೆ ಪೈಪ್ ಹಾಕಿದ್ರೆ ಆರು ತಿಂಗಳಿಗೆ ಕಟ್ಟಿಕೊಳ್ಳುತ್ತೆ, ಯಾರು ಬರೆದುಕೊಟ್ಟಿದ್ದು?’ ಅಂತ ಬೈದರು. ಬೈದು, ಸರಿಯಾದ ಪೈಪನ್ನೂ ಟೈಲ್ಸನ್ನೂ ತಮ್ಮ ಖರ್ಚಿನಲ್ಲೇ ಕಳಿಸಿದರು, ಪ್ಲಂಬರನ್ನೂ ಗೊತ್ತು ಮಾಡಿಕೊಟ್ಟರು. ಹಾಗಾಗಿ ದುಡ್ಡನ್ನೇ ಕೇಳಬೇಕು ಅಂತಿಲ್ಲ. ಅವರವರಿಗೆ ಗೊತ್ತಿರುವ ಕೆಲಸ ಕೇಳಿ.

ಇನ್ನೊಂದು ಮುಖ್ಯವಾದ ಮಾತು. ಕಟ್ಟಿಸುವ ಮೊದಲು ಮುಖ್ಯ ಶಿಕ್ಷಕರ ಜೊತೆ, ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಸಮಿತಿಯ) ಪೋಷಕರ ಜೊತೆ ಕೂತು ಮಾತಾಡಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಒಪ್ಪಿಗೆ ಕಾಗದದಲ್ಲೇ ತೆಗೆದುಕೊಳ್ಳಿ. ನೀರು ಎಲ್ಲಿಂದ ಬರುತ್ತದೆ, ದಿನಾ ತೊಳೆಯುವವರು ಯಾರು, ಅವರಿಗೆ ಸಂಬಳ ಯಾರು ಕೊಡುತ್ತಾರೆ ಅಂತ ಈಗಲೇ ಕೇಳಿ. ದಾನಿಗಳ ಹೆಸರಿನ ಕಲ್ಲು ಹೊಳೀತಾ ಇದ್ದು ಬಾಗಿಲಿಗೆ ಬೀಗ ಬಿದ್ದಿರುವ ಶೌಚಾಲಯಗಳನ್ನು ನೋಡಿ ನೋಡಿ ನನಗೆ ಸಂಕಟವಾಗುತ್ತದೆ. ನೀರಿಲ್ಲದಿದ್ದರೆ ಕಟ್ಟಲೇಬೇಡಿ, ಮೊದಲು ನೀರಿಗೆ ದುಡ್ಡು ಕೂಡಿಸಿ.

ನಿಮ್ಮ ಕಂಪನಿಯಲ್ಲೂ ವಿಚಾರಿಸಿ. ನೌಕರರು ಕೊಟ್ಟಷ್ಟನ್ನೇ ತಾವೂ ಸೇರಿಸಿ ಕೊಡುವ ಪದ್ಧತಿ ಕೆಲವು ಕಡೆ ಇದೆ. ಓಡುವ ಅಭ್ಯಾಸ ಇದ್ದರೆ ಅದೂ ಒಂದು ದಾರಿ. ಬೆಂಗಳೂರಿನಲ್ಲಿ 2008ರಿಂದ ನಡೆಯುವ ವರ್ಲ್ಡ್ 10ಕೆ ಓಟದಲ್ಲಿ ಎಷ್ಟೋ ಜನ ಒಂದೊಂದು ಸಂಸ್ಥೆಯ ಹೆಸರಿನಲ್ಲಿ ಓಡಿ, ಗೆಳೆಯರಿಂದ ದೇಣಿಗೆ ಕೂಡಿಸುತ್ತಾರೆ.

ಪ್ರಶ್ನೆ: ನನ್ನ ಮಗ ದಾವಣಗೆರೆಯಲ್ಲಿ ಆಡಿಟರ್ ಆಫೀಸಿನಲ್ಲಿದ್ದಾನೆ. ಭಾನುವಾರ ಬಂತೆಂದರೆ ಜೇಸಿ, ಜೇಸಿ ಅಂತ ಮನೆಯಲ್ಲೇ ಇರುವುದಿಲ್ಲ. ಸಿಎ ಪರೀಕ್ಷೆಯ ಒಂದು ಗ್ರೂಪ್ ಇನ್ನೂ ಬಾಕಿ ಇದೆ. ಇದರಿಂದ ಅವನಿಗೇನು ಲಾಭ?

ಉತ್ತರ: ಸರ್, ನಿಮ್ಮ ಚಿಂತೆ ನ್ಯಾಯವಾದದ್ದೇ. ಪರೀಕ್ಷೆ ಹತ್ತಿರವಿರುವಾಗ ಭಾನುವಾರಗಳನ್ನು ಬಿಟ್ಟುಕೊಡಬಾರದು, ಅದನ್ನು ಅವನಿಗೆ ಖಂಡಿತ ಹೇಳಿ. ಆದರೆ ಪೂರ್ತಿ ಬಿಡಿಸಬೇಡಿ. ಜೇಸಿಐ 18ರಿಂದ 40 ವಯಸ್ಸಿನವರ ಸಂಘ, ಅವನಿಗೆ ಮುಂದೆ ಇನ್ನೂ ಎಷ್ಟೋ ವರ್ಷ ಇದೆ. ಈ ಆರು ತಿಂಗಳು ಯಾವ ಹುದ್ದೆಯೂ ಬೇಡ, ತಿಂಗಳಿಗೆ ಒಂದು ಸಭೆಗೆ ಹೋಗಿ ಬಾ ಅನ್ನಿ. ಇನ್ನೊಂದು ಮಾಡಿ. ಅವನು ಅಲ್ಲಿ ಏನು ಮಾಡ್ತಾನೆ ಅಂತ ಒಂದು ಸಲ ಹೋಗಿ ನೋಡಿ. ಶಾಲು ಹಾಕಿಸಿಕೊಂಡು ಫೋಟೋದಲ್ಲಿ ನಿಲ್ಲುತ್ತಿದ್ದಾನೋ, ರಕ್ತದಾನ ಶಿಬಿರ ಮುಗಿದ ಮೇಲೆ ಕುರ್ಚಿ ಮಡಚಿ ಇಡುತ್ತಿದ್ದಾನೋ? ಎರಡನೆಯದಾದರೆ ನಿಮ್ಮ ಮಗ ಸರಿಯಾದ ಕಡೆಯೇ ಇದ್ದಾನೆ.

ಪ್ರಶ್ನೆ: ನಾನು ನಮ್ಮ ಕ್ಲಬ್ಬಿನ ಖಜಾಂಚಿ. ಅನಾಥ ಮಕ್ಕಳ ಓದಿಗೆ ಅಂತ ಸಂಗೀತ ಸಂಜೆ ಮಾಡಿ 1.80 ಲಕ್ಷ ಕೂಡಿಸಿದೆವು. ಹಾಲ್, ಸೌಂಡ್, ಊಟ, ಶಾಲು, ನೆನಪಿನ ಕಾಣಿಕೆ ಎಲ್ಲಾ ಸೇರಿ 1.20 ಲಕ್ಷ ಖರ್ಚು. ಅಧ್ಯಕ್ಷರು ‘ಕೂಡಿದ್ದನ್ನು ಹೇಳು, ಖರ್ಚು ಹೇಳಬೇಡ, ಕ್ಲಬ್ ಹೆಸರು ಹಾಳಾಗುತ್ತೆ’ ಅಂತಾರೆ. ರಾತ್ರಿ ನಿದ್ದೆ ಬರುತ್ತಿಲ್ಲ. (ಹೆಸರು, ಊರು ಬೇಡ)

ಉತ್ತರ: ಹೇಳಿ. ಹೇಳಲೇಬೇಕು. ಜನ ಮಕ್ಕಳ ಓದಿಗೆ ಅಂತ ಕೊಟ್ಟ ಪ್ರತಿ ನೂರು ರೂಪಾಯಿಯಲ್ಲಿ ಮಕ್ಕಳಿಗೆ ತಲುಪಿದ್ದು ಮೂವತ್ಮೂರು. ಇದನ್ನು ಮುಚ್ಚಿಟ್ಟರೆ ಇವತ್ತು ಹೆಸರು ಉಳಿಯಬಹುದು, ಮುಂದಿನ ವರ್ಷ ಯಾರಾದರೊಬ್ಬರು ಲೆಕ್ಕ ಕೇಳಿದಾಗ ಹೆಸರೂ ಹೋಗುತ್ತದೆ, ಮಕ್ಕಳಿಗೆ ಸಿಗಬೇಕಾದ ಮುಂದಿನ ದುಡ್ಡೂ ಹೋಗುತ್ತದೆ.

ಆದರೆ ಹೇಳುವ ರೀತಿ ಒಂದಿದೆ. ಸಭೆಯಲ್ಲಿ ಎದ್ದು ನಿಂತು ಅಧ್ಯಕ್ಷರ ಮುಖಕ್ಕೆ ಹೊಡೆದ ಹಾಗೆ ಓದಬೇಡಿ. ಮೊದಲು ಅವರೊಬ್ಬರ ಜೊತೆ ಕೂತು, ಬಿಲ್ಲುಗಳನ್ನೆಲ್ಲ ಮುಂದಿಟ್ಟು, ‘ಇದನ್ನು ನಾವೇ ಹೇಳೋಣ, ಜೊತೆಗೆ ಮುಂದಿನ ಸಲ ಹೇಗೆ ಕಡಿಮೆ ಮಾಡ್ತೀವಿ ಅಂತಲೂ ಹೇಳೋಣ’ ಅನ್ನಿ. ಅವರು ಒಪ್ಪದಿದ್ದರೂ ಲೆಕ್ಕದ ಹಾಳೆಗೆ ನಿಮ್ಮ ಸಹಿ ಬೀಳಬೇಕಾದದ್ದು ನಿಜವಾದ ಅಂಕಿಗಳ ಕೆಳಗೆ ಮಾತ್ರ. ನಾಯಕತ್ವ ಅಂತ ಪುಸ್ತಕಗಟ್ಟಲೆ ಬರೆಯುತ್ತಾರೆ, ನನಗೆ ಕಂಡಂತೆ ನಿಮ್ಮ ಕ್ಲಬ್ಬಿನಲ್ಲಿ ಈ ಹೊತ್ತು ಅದು ಇರೋದು ಖಜಾಂಚಿಯ ಕುರ್ಚಿಯಲ್ಲೇ.

ಮುಂದಿನ ಸಲಕ್ಕೆ ಒಂದೆರಡು ಮಾತು. ಖರ್ಚಿಗೆ ಬೇರೆ ದಾನಿಗಳನ್ನು ಮೊದಲೇ ಹಿಡಿಯಿರಿ. ಹಾಲಿನ ಬಾಡಿಗೆ ಒಬ್ಬರದು, ಊಟ ಇನ್ನೊಬ್ಬರದು ಅಂತ ಟಿಕೆಟ್ ಮಾರುವ ಮುಂಚೆಯೇ ಗಟ್ಟಿ ಮಾಡಿಕೊಳ್ಳಿ, ಆಗ ಟಿಕೆಟಿನ ದುಡ್ಡು ಪೂರ್ತಿ ಮಕ್ಕಳಿಗೆ. ಯಾರೂ ಸಿಗದಿದ್ದರೆ ಕಾರ್ಯಕ್ರಮವೇ ಬೇಡ, ಮನೆಮನೆಗೆ ಹೋಗಿ. ಎಷ್ಟು ಖರ್ಚು ಸರಿ ಅಂತ ಕೇಳಿದರೆ ಅಳತೆಗೆ ಒಂದು ವಿಷಯ ಹೇಳುತ್ತೇನೆ. ವಿದೇಶಿ ದೇಣಿಗೆ ಪಡೆಯುವ ಸಂಸ್ಥೆಗಳು ಆಡಳಿತದ ಖರ್ಚಿಗೆ ಆ ಹಣದ ಶೇ 20ಕ್ಕಿಂತ ಜಾಸ್ತಿ ಬಳಸುವಂತಿಲ್ಲ ಅಂತ 2020ರಲ್ಲಿ ಕಾನೂನು ಬದಲಾಯಿತು, ಮುಂಚೆ ಶೇ 50ರವರೆಗೆ ಇತ್ತು. ಆ ಕಾನೂನು ನಿಮ್ಮ ಸಂಗೀತ ಸಂಜೆಗೆ ಅನ್ವಯಿಸಲ್ಲ, ಆದರೂ ನಿಮ್ಮ ಖರ್ಚು ಎಲ್ಲಿ ನಿಂತಿದೆ ಅಂತ ಅಂದಾಜು ಸಿಗುತ್ತದೆ. ದೇಣಿಗೆ ಯಾರ ಸ್ವಂತ ಫೋನ್‌ಪೇ ನಂಬರಿಗೂ ಬರಕೂಡದು. ಕ್ಲಬ್ ಖಾತೆ, ಇಬ್ಬರ ಸಹಿ, ಪ್ರತಿ ರೂಪಾಯಿಗೂ ರಸೀದಿ. ಜನ 80ಜಿ ಅಂತ ಕರೆಯುವ ತೆರಿಗೆ ರಿಯಾಯಿತಿ ಸಿಗುತ್ತೆ ಅಂತ ಹೇಳಿಕೊಂಡು ದುಡ್ಡು ಕೇಳುವ ಮೊದಲು, ಆ ನೋಂದಣಿ ನಿಮ್ಮ ಕ್ಲಬ್ಬಿಗೋ ಟ್ರಸ್ಟಿಗೋ ನಿಜಕ್ಕೂ ಇದೆಯಾ ಅಂತ ಕಾಗದ ನೋಡಿ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಆ ರಿಯಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೂ ಇಲ್ಲ. ಇದನ್ನೂ ಮೊದಲೇ ಹೇಳಿಬಿಡಿ.

ಪ್ರಶ್ನೆ: ಪುತ್ತೂರಿನವ, ಬ್ಯಾಂಕ್ ಉದ್ಯೋಗಿ. ಮಾತು ಕಡಿಮೆ. ಬರುವ ಜನವರಿಯಿಂದ ಘಟಕಾಧ್ಯಕ್ಷ ಆಗು ಅಂತ ನಮ್ಮ ಜೇಸಿಯಲ್ಲಿ ಒತ್ತಾಯ. ನನ್ನಂಥವನಿಂದ ಆಗುತ್ತಾ?

ಉತ್ತರ: ಆಗುತ್ತೆ. ಕಾರ್ಯದರ್ಶಿಯ ಕೆಲಸ ಈಗಾಗಲೇ ಮಾಡಿದ್ದರೆ ಧೈರ್ಯವಾಗಿ ಒಪ್ಪಿಕೊಳ್ಳಿ, ಮಾಡಿಲ್ಲದಿದ್ದರೆ ಒಂದು ವರ್ಷ ಆ ಕೆಲಸ ಕೇಳಿ ಪಡೆಯಿರಿ. ಜೇಸಿಯಲ್ಲಿ ಜನವರಿಯಿಂದ ಡಿಸೆಂಬರ್, ರೋಟರಾಕ್ಟಿನಲ್ಲಿ ಜುಲೈಯಿಂದ ಜೂನ್, ಹೀಗೆ ಒಂದು ವರ್ಷಕ್ಕೆ ಕುರ್ಚಿ ಬಿಡುವ ಪದ್ಧತಿಯೇ ನನಗೆ ಈ ಸಂಘಗಳಲ್ಲಿ ಬಹಳ ಇಷ್ಟ. ಹೊಸಬರಿಗೆ ಜಾಗ ಸಿಗುತ್ತದೆ, ಹಳಬರು ಹಿಂದಿನ ಸಾಲಿನಲ್ಲಿ ಕೂರುವುದನ್ನೂ ಕಲಿಯುತ್ತಾರೆ. ಪದಗ್ರಹಣದ ದಿನ ಉದ್ದ ಭಾಷಣ ಬೇಡ. ಸಂಘದ ಧ್ಯೇಯನುಡಿಯಾದ ಜೇಸಿ ವಾಣಿ ಓದುವುದಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳನ್ನು ನಿಲ್ಲಿಸಿ, ನಿರೂಪಣೆ ಮಾತುಗಾರರಿಗೆ ಬಿಡಿ. ನೀವು ಮಾಡಬೇಕಾದದ್ದು ಮೊದಲ ತಿಂಗಳು ಒಬ್ಬೊಬ್ಬ ಸದಸ್ಯನ ಮನೆಗೋ ಅಂಗಡಿಗೋ ಹೋಗಿ, ‘ಈ ವರ್ಷ ನಿನ್ನಿಂದ ಏನಾಗುತ್ತೆ?’ ಅಂತ ಕೇಳಿ ಬರೆದುಕೊಳ್ಳುವುದು. ಮಾತು ಕಡಿಮೆ ಇರುವವರಿಗೆ ಇದು ಮಾತುಗಾರರಿಗಿಂತ ಚೆನ್ನಾಗಿ ಬರುತ್ತದೆ, ಯಾಕಂದ್ರೆ ಅವರು ಎದುರಿನವರು ಹೇಳೋದನ್ನು ಪೂರ್ತಿ ಕೇಳುತ್ತಾರೆ. ವೇದಿಕೆಯ ನಡುಕ ಹೋಗಬೇಕಾದರೆ ಜೇಸಿಯದೇ ಭಾಷಣ ತರಬೇತಿಗಳಿವೆ, ಡಿಸೆಂಬರ್ ಒಳಗೆ ಒಂದಕ್ಕೆ ಕೂತು ಬನ್ನಿ.

ಪ್ರಶ್ನೆ: ನಮ್ಮಣ್ಣ ನ್ಯೂಜೆರ್ಸಿಯಲ್ಲಿದ್ದಾನೆ. ನಮ್ಮ ಕ್ಲಬ್ಬಿನ ಕೆಲಸಕ್ಕೆ ದುಡ್ಡು ಕಳಿಸ್ತೀನಿ ಅಂತಾನೆ. ತಗೋಬಹುದಾ? (ಮೈಸೂರು)

ಉತ್ತರ: ಅಣ್ಣ ಇನ್ನೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದು, ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅನ್ನಿಸಿಕೊಳ್ಳಲ್ಲ, ತಗೋಬಹುದು. ಅಮೆರಿಕದ ಪೌರತ್ವ ತೆಗೆದುಕೊಂಡಿದ್ದರೆ, ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಸಹ, ಅದು ವಿದೇಶಿ ದೇಣಿಗೆಯೇ. ವಿದೇಶಿ ದೇಣಿಗೆಯ ಕಾನೂನಾದ ಎಫ್‌ಸಿಆರ್‌ಎ ಅಡಿ ನೋಂದಣಿಯಾಗಲಿ ಮುಂಗಡ ಅನುಮತಿಯಾಗಲಿ ಇಲ್ಲದ ಕ್ಲಬ್ ಸಣ್ಣ ಮೊತ್ತವನ್ನೂ ಮುಟ್ಟುವಂತಿಲ್ಲ. ನೋಂದಣಿ ಇರುವ ಬೇರೆ ಸಂಸ್ಥೆಗೆ ಹಾಕಿಸಿ ಅಲ್ಲಿಂದ ನಿಮ್ಮ ಕ್ಲಬ್ಬಿಗೆ ವರ್ಗ ಮಾಡಿಸಿಕೊಳ್ಳೋಣ ಅಂದುಕೊಳ್ಳಬೇಡಿ, 2020ರ ತಿದ್ದುಪಡಿ ಆ ದಾರಿಯನ್ನೂ ಮುಚ್ಚಿದೆ. ಅಣ್ಣನಿಗೆ ಕೊಡಲೇಬೇಕು ಅಂತಿದ್ದರೆ, ನೋಂದಣಿ ಇರುವ ಒಳ್ಳೆಯ ಸಂಸ್ಥೆಯೊಂದರ ಕೆಲಸಕ್ಕೆ ಅವನೇ ನೇರವಾಗಿ ಕೊಡಲಿ. ಎಷ್ಟು ಕಳಿಸ್ತೀಯ ಅಂತ ಕೇಳುವ ಮೊದಲು ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಕೇಳಿ.