ಬಾಗಿಲಲ್ಲಿ ತಡೆಯಿರಿ, ಕೋವಿ ಮುಟ್ಟಬೇಡಿ

ಮೂಡಿಗೆರೆ ಕಡೆಯ ಓದುಗರೊಬ್ಬರ ಪತ್ರ: ‘ಕೆಲವು ತೋಟದವರು ಕೋವಿ ಹೆಗಲಿಗೇರಿಸಿಕೊಂಡೇ ಗ್ರಾಮಸಭೆಗೆ ಬರುತ್ತಾರೆ. ಕೋವಿ ತಂದವರು ಕಚೇರಿಯಲ್ಲಿ ಒಪ್ಪಿಸಬೇಕು, ತಪ್ಪಿದರೆ 5,000 ರೂಪಾಯಿ ದಂಡ ಎಂದು ಪಂಚಾಯಿತಿಯಲ್ಲಿ ಠರಾವು ಮಾಡಬೇಕೆಂದಿದ್ದೇವೆ. ಆಸ್ಪತ್ರೆ, ಶಾಲೆ, ಸೊಸೈಟಿಗಳೂ ತಮ್ಮ ತಮ್ಮ ನಿಯಮ ಮಾಡಿಕೊಂಡರೆ ತಪ್ಪೇನು?’

ಸಂಪಾದಕರ ಉತ್ತರ:

ನಿಮ್ಮ ಆತಂಕ ನ್ಯಾಯವಾದದ್ದೇ, ಠರಾವು ಮಾತ್ರ ನಿಲ್ಲುವುದಿಲ್ಲ. ಶಸ್ತ್ರಾಸ್ತ್ರ, ಮದ್ದುಗುಂಡಿನ ವಿಷಯ ಸಂವಿಧಾನದ ಕೇಂದ್ರ ಪಟ್ಟಿಯ (ಸಂಸತ್ತು ಮಾತ್ರ ಕಾನೂನು ಮಾಡಬಹುದಾದ ವಿಷಯಗಳ ಪಟ್ಟಿ) 5ನೇ ನಮೂದಿನಲ್ಲಿದೆ. ವಿಧಾನಸಭೆಗೇ ಇಲ್ಲದ ಅಧಿಕಾರ ಪಂಚಾಯಿತಿಗೆ ಎಲ್ಲಿಂದ ಬರಬೇಕು?

‘ಕಚೇರಿಯಲ್ಲಿ ಒಪ್ಪಿಸಬೇಕು’ ಎಂಬ ಮಾತು ದಂಡಕ್ಕಿಂತ ಅಪಾಯದ್ದು. 1959ರ ಶಸ್ತ್ರಾಸ್ತ್ರ ಕಾಯ್ದೆಯ 3ನೇ ಕಲಂ ಪ್ರಕಾರ ಲೈಸೆನ್ಸ್ ಇಲ್ಲದವರು ಕೋವಿ ಇಟ್ಟುಕೊಳ್ಳುವಂತಿಲ್ಲ. ಲೈಸೆನ್ಸುದಾರನ ಕೋವಿಯನ್ನು ಇನ್ನೊಬ್ಬರು ಹಿಡಿಯಲು ರಿಯಾಯಿತಿ ಇರುವುದು ಮೂರಕ್ಕೆ: ರಿಪೇರಿ, ಲೈಸೆನ್ಸ್ ನವೀಕರಣ, ಅವನದೇ ಬಳಕೆ. ಅದೂ ಅವನ ಎದುರಿಗೆ, ಇಲ್ಲವೇ ಅವನ ಲಿಖಿತ ಒಪ್ಪಿಗೆಯ ಮೇಲೆ. ಸಭೆ ಮುಗಿಯುವ ತನಕ ಬೀರುವಿನಲ್ಲಿಟ್ಟರೆ ಸಿಕ್ಕಿಕೊಳ್ಳುವವರು ನಿಮ್ಮ ಗುಮಾಸ್ತರು. ಜೋಡುನಳಿಗೆಯ ಕೋವಿಯನ್ನು ಮಡಚಿ ನೋಡದೆ ಗೋಡೆಗೆ ಒರಗಿಸಿದರು ಎನ್ನಿ. ಒಳಗೊಂದು ತೋಟಾ ಉಳಿದಿದ್ದರೆ, ಹಳೇ ಕಾಲದ, ಹೊರಗೆ ಕುದುರೆ (ತೋಟಾ ಸಿಡಿಸಲು ಬಡಿಯುವ ಸುತ್ತಿಗೆ) ಇರುವ ಕೋವಿಯಾದರೆ ಜಾರಿಬಿದ್ದ ಪೆಟ್ಟಿಗೇ ಗುಂಡು ಹಾರಬಹುದು. ಒಪ್ಪಿಸುವುದಿದ್ದರೆ ಠಾಣೆಗೆ ಅಥವಾ ಲೈಸೆನ್ಸ್ ಪಡೆದ ಕೋವಿ ಅಂಗಡಿಗೆ, ರಸೀದಿ ಸಮೇತ.

ಅಷ್ಟಕ್ಕೂ ಗ್ರಾಮಸಭೆಗೆ ಹೊಸ ನಿಯಮ ಯಾಕೆ? ಲೈಸೆನ್ಸ್ ಪುಸ್ತಕದ ಷರತ್ತುಗಳನ್ನು ಬಿಡಿಸಿ ಓದಿ. ಜಿಲ್ಲಾ ಮ್ಯಾಜಿಸ್ಟ್ರೇಟರ ವಿಶೇಷ ಅನುಮತಿ ಇಲ್ಲದೆ ಜಾತ್ರೆಗೆ, ಧಾರ್ಮಿಕ ಮೆರವಣಿಗೆಗೆ, ಸಾರ್ವಜನಿಕರು ಸೇರುವಲ್ಲಿಗೆ, ಶಾಲೆ-ಕಾಲೇಜಿನ ಆವರಣಕ್ಕೆ ಕೋವಿ ಒಯ್ಯುವಂತಿಲ್ಲ. ಗ್ರಾಮಸಭೆ ಇದರೊಳಗೇ ಬಂತು. ಷರತ್ತು ಮುರಿದರೆ 30ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು, 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 17ನೇ ಕಲಮಿನಡಿ ಲೈಸೆನ್ಸೇ ಹೋಗಬಹುದು. ತೋಟದವರು ನಿಜಕ್ಕೂ ಹೆದರುವುದು ಇದಕ್ಕೆ. ‘ಕೊಡಗಿನವರಿಗೆ ಬೇಡದ ಲೈಸೆನ್ಸು ನಮಗ್ಯಾಕೆ’ ಎನ್ನುವವರೂ ಇದ್ದಾರೆ. ಲೈಸೆನ್ಸಿನ ಆ ವಿನಾಯಿತಿ ಕೊಡವರಿಗೆ, ಅಲ್ಲಿನ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೆ. ನಾವೂ ತೋಟದವರು ಎಂದ ಮಾತ್ರಕ್ಕೆ ನಮಗೆ ಬರುವುದಿಲ್ಲ.

ಆಸ್ಪತ್ರೆ, ಸೊಸೈಟಿಗಳ ಹೆಸರು ಆ ಷರತ್ತಿನಲ್ಲಿಲ್ಲ. ಅಲ್ಲಿ ಆಡಳಿತದವರು ತಮ್ಮ ಕಟ್ಟಡದೊಳಕ್ಕೆ ಕೋವಿ ಬಿಡುವುದಿಲ್ಲ ಎನ್ನಬಹುದು, ಎನ್ನಲೂಬೇಕು. ಆದರೆ ಅಷ್ಟೇ: ಕಸಿಯುವುದು, ದಂಡ, ಜಪ್ತಿ ಯಾವುದೂ ಇಲ್ಲ. ಕೇಳದಿದ್ದರೆ 112ಕ್ಕೆ ಫೋನ್ ಮಾಡಿ.

‘ಕೋವಿ ತರಬೇಡಿ’ ಎಂಬ ಫಲಕವನ್ನು ಒಳಬಾಗಿಲಿಗೆ ಹಾಕಬೇಡಿ. ಅಲ್ಲಿಯವರೆಗೆ ಬಂದವನು ಕೋವಿಯನ್ನು ಜೀಪಿನ ಸೀಟಿನಲ್ಲೇ ಬಿಟ್ಟು ಒಳಗೆ ಬರುತ್ತಾನೆ, ಅದು ಕಳುವಾದರೆ ಊರಿಗೇ ಕಂಟಕ. ಸಭೆಯ ನೋಟಿಸಿನಲ್ಲೇ ‘ಕೋವಿ ಮನೆಯಲ್ಲಿಟ್ಟು ಬನ್ನಿ’ ಎಂದು ಅಚ್ಚು ಹಾಕಿಸಿ. ಸಂಜೆ ತೋಟದ ದಾರಿಯಲ್ಲಿ ಆನೆ ಎದುರಾದೀತೆಂಬ ಭಯಕ್ಕೇ ಎಷ್ಟೋ ಮಂದಿ ಕೋವಿ ತರುವುದು. ಸಭೆಯನ್ನು ಬೆಳಿಗ್ಗೆ 11ಕ್ಕೆ ಇಟ್ಟುಕೊಂಡು ಬೆಳಕಿರುವಾಗಲೇ ಮುಗಿಸಿ ಕಳಿಸಿದರೆ ಆ ನೆಪವೂ ಉಳಿಯುವುದಿಲ್ಲ.