‘ಓಪ್ ಸ್ಟಾಲ್’ ಅಂದರೆ ಸ್ಟೀಲ್ ಅಲ್ಲ

ನೆದರ್‌ಲ್ಯಾಂಡ್ಸ್‌ನ ಹೇಗ್‌ನಲ್ಲಿ 1929ರ ಸಾಲುಮನೆ, ಐದು ಕೋಣೆ, ಹಿಂದುಗಡೆ ಚಾಚಿ ಕಟ್ಟಿದ ಹೊಸ ಅಡುಗೆಮನೆ, ಊರಿಂದ ಅಪ್ಪ-ಅಮ್ಮ ಬಂದರೆ ಜಾಗ ಬೇಕು, ಎನರ್ಜಿ ಲೇಬಲ್ (ಮನೆ ಎಷ್ಟು ಶಕ್ತಿ ತಿನ್ನುತ್ತದೆ ಅನ್ನುವ ದರ್ಜೆ) ಎಫ್ ಅನ್ನೋದೊಂದೇ ಚಿಂತೆ ಅಂತ ಬರೆದು, ಇಂಥ ಹಳೇ ಮನೆ ಕೊಳ್ಳಬಹುದಾ, ಹೊಸದೇ ನೋಡಬೇಕಾ ಅಂತ ಕೇಳಿದ್ದೀರಿ. ಓದಿ ನಗು ಬಂತು, ಆಮೇಲೆ ಹೊಟ್ಟೆ ತೊಳಸಿತು. 2021ರಲ್ಲಿ ನಾನೇ ಕೇಳುತ್ತಿದ್ದ ಪ್ರಶ್ನೆ ಇದು.

ನಮ್ಮದು ರಾಟರ್‌ಡ್ಯಾಮ್‌ನ ಹಿಲ್ಲೆಗರ್ಸ್‌ಬರ್ಗ್, 1931ರ ಮನೆ. ಬೀದಿಗೆ ಉಬ್ಬಿ ನಿಂತ ಕಿಟಕಿ, ಬಣ್ಣದ ಗಾಜು, ಎರಡು ಹಾಲ್‌ಗಳ ನಡುವೆ ಸರಿಸುವ ಬಾಗಿಲು. ಆ ಬಾಗಿಲು ಸರಿಸಿದ ಕೂಡಲೇ ಗೌರಿ ಹಬ್ಬಕ್ಕೆ ಮಂಟಪ ಎಲ್ಲಿಡೋದು ಅಂತ ನನ್ನ ಹೆಂಡತಿ ಗೊತ್ತುಮಾಡಿಬಿಟ್ಟಳು. ಬೇರೆಯವರು ಹೆಚ್ಚು ಬೆಲೆ ಕೂಗಿ ಎರಡು ಮನೆ ಆಗಲೇ ಕೈತಪ್ಪಿದ್ದವು. ಬ್ಯಾಂಕು ಸಾಲ ಕೊಡೋದು ಮನೆಯ ಅಂದಾಜು ಬೆಲೆಯವರೆಗೆ ಮಾತ್ರ, ಪೈಪೋಟಿಯಲ್ಲಿ ಏರಿಸಿದ್ದೆಲ್ಲ ಕೈಯಿಂದ. ಶಿವಮೊಗ್ಗದ ಸೈಟು ಮಾರಿದ ದುಡ್ಡು ಅಲ್ಲಿಗೇ ಹೋಯಿತು.

ಈಗ ತಪ್ಪಿನ ವಿಷಯ. ಮಾರುವವರು ಮನೆಯ ಬಗ್ಗೆ ಉದ್ದನೆಯ ಪ್ರಶ್ನಾವಳಿ ತುಂಬಿ ಕೊಡುತ್ತಾರೆ. ಅದರಲ್ಲಿ ಪಾಯದ ಮುಂದೆ ‘ಓಪ್ ಸ್ಟಾಲ್’ ಅಂತಿತ್ತು. ಫೋನಿಗೆ ಹಾಕಿದೆ, ‘ಸ್ಟೀಲ್ ಮೇಲೆ’ ಅಂದಿತು. ಡಚ್ಚಿನಲ್ಲಿ ಸ್ಟಾಲ್ ಅಂದರೆ ಸ್ಟೀಲೇ, ಅದೇನೂ ಸುಳ್ಳಲ್ಲ. ಆದರೆ ಪಾಯದ ಮಾತು ಬಂದಾಗ ಅದು ಬೇರೆಯೇ ಹಳೇ ಪದ, ಗಟ್ಟಿ ನೆಲ ಅಂತ ಅರ್ಥ. ಅಂದರೆ ಕೆಳಗೆ ಭೂಮಿಗೆ ಇಳಿಸಿದ ಕಂಬಗಳೇ ಇಲ್ಲ. ಗೋಡೆಯ ಬುಡವನ್ನು ಅಗಲ ಮಾಡಿ ನೇರ ಮಣ್ಣಿನ ಮೇಲೆ ಕೂರಿಸಿದ್ದಾರೆ. ನೆಲ ಗಟ್ಟಿಯಿದ್ದರೆ ಒಳ್ಳೆಯ ಪಾಯವೇ, ನಮ್ಮೂರಿನ ಸೈಜುಗಲ್ಲಿನ ಪಾಯವೂ ಅದೇ ಜಾತಿ. ನಮ್ಮ ಮನೆ ಕೂತಿದ್ದು ಪೀಟ್ ಮೇಲೆ: ಗಿಡಗಂಟಿ ಕೊಳೆತು ಆದ ಕಪ್ಪು ಜೌಗು ಮಣ್ಣು, ನೀರು ಇಳಿದರೆ ಕುಗ್ಗುತ್ತದೆ. ನಾನು ಅಪ್ಪನಿಗೆ ಫೋನ್ ಮಾಡಿ “ಪೂರ್ತಿ ಸ್ಟೀಲ್ ಪಾಯ ಅಪ್ಪಾ” ಅಂದೆ. ಮನೆ ಕಟ್ಟಿಸುವಾಗ ಕಂಬಿಯನ್ನು ಎದುರಿಗೆ ತೂಕ ಮಾಡಿಸಿ ಇಳಿಸಿಕೊಂಡ ಮನುಷ್ಯ, “ಹಾಗಾದರೆ ಯೋಚನೆ ಇಲ್ಲ ಬಿಡು” ಅಂದರು. ಆ ಒಂದು ಪದದ ಧೈರ್ಯದಲ್ಲಿ ಆಫರಿನಿಂದ, ಕಟ್ಟಡ ತಪಾಸಣೆಯಲ್ಲಿ ದೋಷ ಕಂಡರೆ ಬಿಡುತ್ತೇನೆ ಅನ್ನುವ ಷರತ್ತನ್ನು ತೆಗೆದೆ. ತಪಾಸಣೆಗೆ ಆಗುತ್ತಿದ್ದದ್ದು ಸುಮಾರು 500 ಯೂರೋ. ಸಹಿಯಾದ ಮೇಲೂ ಕಾರಣ ಕೊಡದೆ ಹಿಂದೆ ಸರಿಯಲು ಕಾನೂನು ಮೂರು ದಿನ ಕೊಡುತ್ತದೆ. ಆ ಮೂರು ದಿನ ನಾವು ಸೋಫಾ ಹುಡುಕುತ್ತಿದ್ದೆವು.

ಮನೆ ವಾಲುತ್ತಿದೆ ಅಂತ ಮೊದಲು ಹೇಳಿದ್ದು ದೋಸೆ. ನಮ್ಮ ಅಡುಗೆಮನೆಯೂ ಅರ್ಧ ಹಳೇ ಮನೆಯಲ್ಲಿ, ಅರ್ಧ ಆಮೇಲೆ ಚಾಚಿ ಕಟ್ಟಿದ ಹೊಸ ಭಾಗದಲ್ಲಿ. ಸ್ಟವ್ ಇದ್ದದ್ದು ಹಳೇ ಕಡೆ. ಹುಯ್ದ ಹಿಟ್ಟು ತಾನಾಗಿ ಗೋಡೆ ಕಡೆ ಜರುಗುತ್ತಿತ್ತು, ಒಂದು ಅಂಚು ಗರಿಗರಿ, ಇನ್ನೊಂದು ಅಂಚು ಇಡ್ಲಿ. ಹಿಟ್ಟು ನೀರಾಯಿತು ಅಂದುಕೊಂಡೆವು. ಆಮೇಲೆ ಸ್ಟವ್ ಬದಲಿಸಿದೆವು! ಎರಡನೇ ಚಳಿಗಾಲಕ್ಕೆ ಹಳೆಯದು ಹೊಸದು ಕೂಡುವ ಕಡೆ ಹೊಸ ಬಣ್ಣ ಸೀಳಿ, ಎರಡು ಯೂರೋ ನಾಣ್ಯ ಹಿಡಿಯುವಷ್ಟು ಬಿರುಕು. ಹೊಸ ಭಾಗ ಕಂಬಗಳ ಮೇಲೆ ಕದಲದೆ ನಿಂತಿತ್ತು, ಹಳೇ ಮನೆ ಅದನ್ನು ಬಿಟ್ಟು ಇಳಿಯುತ್ತಿತ್ತು. ಪಕ್ಕದ ಮನೆಯ ಅಜ್ಜಿ ಕಾಫಿ ಕೊಟ್ಟು (ಜೊತೆಗೆ ಒಂದೇ ಬಿಸ್ಕತ್ತು, ಇಲ್ಲಿನ ಲೆಕ್ಕ ನಿಮಗೂ ಗೊತ್ತು), ಇದು ಬೀದಿಗೆಲ್ಲ ಗೊತ್ತಿರುವ ವಿಷಯ ಅಂದರು. ಅವರು ಮದುವೆಯಾಗಿ ಬಂದಾಗ ಬಾಗಿಲಿಗೆ ಎರಡು ಮೆಟ್ಟಿಲು ಹತ್ತಬೇಕಿತ್ತಂತೆ. ಬೀದಿ ಕುಸಿದಾಗೆಲ್ಲ ನಗರಸಭೆ ಮಣ್ಣು ತುಂಬಿ ಏರಿಸುತ್ತದೆ, ಮನೆಯನ್ನು ಯಾರು ಏರಿಸಬೇಕು? ಈಗ ಬೀದಿಯಿಂದ ಒಂದು ಮೆಟ್ಟಿಲು ಇಳಿದು ಒಳಗೆ ಹೋಗಬೇಕು. ಮನೆ ನೋಡಲು ಹೋದ ದಿನ ನಾನೂ ಇಳಿದೇ ಹೋಗಿದ್ದೆ.

ರಿಪೇರಿ ಅಂದರೆ ಕೆಳಮಹಡಿಯ ನೆಲವೆಲ್ಲ ಒಡೆದು, ಸ್ಟೀಲ್ ಕೊಳವೆಗಳನ್ನು ತುಂಡುತುಂಡಾಗಿ ಭೂಮಿಗೆ ಒತ್ತಿ ಇಳಿಸಿ, ಮೇಲೆ ಕಾಂಕ್ರೀಟ್ ಹಾಕಿ ಗೋಡೆಗೆ ಆಸರೆ ಕೊಡುವುದು. ಗೋಡೆ ಹಂಚಿಕೊಂಡ ಅಕ್ಕಪಕ್ಕದವರೂ ಒಪ್ಪಬೇಕು. ನಮ್ಮ ಪಾಲಿಗೆ 92 ಸಾವಿರ ಯೂರೋ, ಐದು ತಿಂಗಳು ಬಾಡಿಗೆ ಮನೆ. ವಿಮೆಯವರು ಇದು ನಮಗೆ ಬರಲ್ಲ ಅಂದರು. ಕರಾರಿನಲ್ಲಿ ‘ಮನೆ ಹಳೆಯದು, ಹೊಸ ಮನೆಯ ಗುಣಮಟ್ಟ ನಿರೀಕ್ಷಿಸುವಂತಿಲ್ಲ’ ಅಂತ ಒಂದು ಕಲಮು ಇತ್ತು; ಅದನ್ನು ನೋಡಿ ವಕೀಲರು ಫೈಲು ಮುಚ್ಚಿದರು. ಅಪ್ಪನಿಗೆ ಹೇಳಿದ ಸ್ಟೀಲ್ ಪಾಯ ಕೊನೆಗೂ ನಿಜವಾಯಿತು.

ಹಾಗಾಗಿ ಲೇಬಲ್ ಚಿಂತೆ ಬಿಡಿ, ಗಾಜು ಬದಲಿಸಬಹುದು, ಇನ್ಸುಲೇಶನ್ ಹಾಕಿಸಬಹುದು. ಹಳೆಯದಾ ಹೊಸದಾ ಅನ್ನುವ ಪ್ರಶ್ನೆಯೇ ನನ್ನ ಪ್ರಕಾರ ತಪ್ಪು, ಕೆಳಗಿನ ಮಣ್ಣು ಯಾವುದು, ಪಾಯ ಯಾವುದು ಅಂತ ಕೇಳಬೇಕು. ನಿಮ್ಮ ಹೇಗ್‌ನಲ್ಲಂತೂ ಮರಳಿನ ಮೇಲಿದ್ದ ಸಿರಿವಂತರಿಗೆ ಒಂದು ಹೆಸರು, ಪೀಟ್ ಮೇಲಿದ್ದ ಬಡವರಿಗೆ ಇನ್ನೊಂದು ಹೆಸರು ಇತ್ತು. ಸ್ಟಾಟೆನ್‌ಕ್ವಾರ್ಟಿಯರ್ ಬಡಾವಣೆ ಥರ ಮರಳಿನ ಕಡೆಯದಾದರೆ ಧೈರ್ಯವಾಗಿ ಮುಂದುವರಿಯಿರಿ. ಪಾಯ ಮರದ ಕಂಬದ್ದು ಅಂತ ಇದ್ದರೆ ಅಂತರ್ಜಲದ ಮಟ್ಟ ಕೇಳಿ. ಮರ ನೀರಿನಲ್ಲಿ ಮುಳುಗಿರುವ ತನಕ ಬಾಳುತ್ತದೆ, ತಲೆಗೆ ಗಾಳಿ ತಾಗಿದರೆ ಕೊಳೆಯುತ್ತದೆ. ಆ ಹೊಸ ಅಡುಗೆಮನೆಯ ಚಂದಕ್ಕೆ ಮರುಳಾಗಬೇಡಿ, ಅದರ ಪಾಯ ಯಾವುದು ಅಂತ ಬೇರೆಯಾಗಿ ಕೇಳಿ.

ಇನ್ನು ಅಪ್ಪ-ಅಮ್ಮನಿಗೋಸ್ಕರ ದೊಡ್ಡ ಮನೆ ಅನ್ನೋದನ್ನ ನಾನು ಒಪ್ಪಲ್ಲ. ವಿಸಿಟ್ ವೀಸಾದಲ್ಲಿ 180 ದಿನಕ್ಕೆ 90 ದಿನ ಇರಬಹುದು, ಅಷ್ಟೇ. ಈ ಮನೆಗಳ ಮೆಟ್ಟಿಲು ಅಟ್ಟದ ಏಣಿ ಇದ್ದ ಹಾಗೆ. ನಮ್ಮಪ್ಪ ಒಂದು ಸಲ ಹತ್ತಿದರು, ಇಳಿಯುವಾಗ ಕೂತುಕೊಂಡೇ ಇಳಿದರು. ಆಮೇಲೆ ಹಾಲಿನಲ್ಲೇ ಹಾಸಿಗೆ.

ನಿಮ್ಮ ಪ್ರಶ್ನಾವಳಿಯಲ್ಲಿ ಪಾಯದ ಸಾಲು ಏನಿದೆಯೋ ಅದನ್ನ ಇಲ್ಲೇ ಕೆಳಗೆ ಹಾಕಿ. ಡಚ್ಚಿನಲ್ಲೇ ಹಾಕಿ, ಅನುವಾದ ಮಾಡಬೇಡಿ.