ಹಳೆಯದನ್ನೂ ಹೊಸದನ್ನೂ ಜೋಡಿಯಾಗಿ ನೋಡುವ ಬಗ್ಗೆ: ಭಾನುವಾರದ ಸಿನಿಮಾ ಕೂಟದ ಪ್ರಶ್ನೆಗೆ ಉತ್ತರ

ನಮಸ್ಕಾರ. ಮನೆಯ ಹಜಾರದಲ್ಲಿ ಭಾನುವಾರ ಸಂಜೆ ಎಂಟು ಹತ್ತು ಮಂದಿ ಕೂಡಿ ಸಿನಿಮಾ ನೋಡಲು ಶುರುಮಾಡಿ ನಾಲ್ಕು ವಾರಗಳಾದವೆಂದೂ, ಹಳೆಯ ಚಿತ್ರ ಹಾಕಿದರೆ ಮಕ್ಕಳು ಅರ್ಧಕ್ಕೇ ಮೊಬೈಲು ಹಿಡಿಯುತ್ತಾರೆಂದೂ, ಹೊಸದು ಹಾಕಿದರೆ ಅತ್ತೆಯವರು ಎದ್ದು ಒಳಗೆ ಹೋಗುತ್ತಾರೆಂದೂ, ಮುಗಿದ ಮೇಲಿನ ಮಾತುಕತೆ "ಚೆನ್ನಾಗಿತ್ತು", "ಸ್ವಲ್ಪ ಬೋರು" ಎನ್ನುವಲ್ಲಿಗೆ ಐದೇ ನಿಮಿಷದಲ್ಲಿ ನಿಂತುಬಿಡುತ್ತದೆಂದೂ ತಾವು ಬರೆದಿದ್ದೀರಿ. ಈಗಾಗಲೇ ಹಲವರು ನೋಡಬೇಕಾದ ಚಿತ್ರಗಳ ಪಟ್ಟಿ ಕೊಟ್ಟಿದ್ದಾರೆ. ಪಟ್ಟಿಗಳು ಒಳ್ಳೆಯವೇ, ಅವನ್ನು ಇಟ್ಟುಕೊಳ್ಳಿ. ಆದರೆ ತಮ್ಮ ತೊಡಕು ಇರುವುದು ಚಿತ್ರ ನೋಡಿದ ಮೇಲೆ ಮಾತು ಎಲ್ಲಿಂದ ಹೊರಡುತ್ತದೆ ಎಂಬುದರಲ್ಲಿ ಎಂದು ನನಗೆ ತೋರುತ್ತದೆ. ಹನ್ನೊಂದು ವರ್ಷಗಳಿಂದ ಇಂಥದೇ ಒಂದು ಸಣ್ಣ ಕೂಟವನ್ನು ನಡೆಸಿಕೊಂಡು ಬಂದಿರುವುದರಿಂದ ನಮಗೆ ಫಲಿಸಿದ್ದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲ ವರ್ಷ ನಮ್ಮಲ್ಲಿಯೂ ಇದೇ ಆಗಿತ್ತು. ಚಿತ್ರ ಮುಗಿದ ಕೂಡಲೇ "ಹೇಗಿತ್ತು?" ಎಂದು ಕೇಳುತ್ತಿದ್ದೆವು. ಹಾಗೆ ಕೇಳಿದರೆ ಯಾರೇ ಆದರೂ ತೀರ್ಪು ಕೊಡಬೇಕಾಗುತ್ತದೆ. ಒಮ್ಮೆ ತೀರ್ಪು ಕೊಟ್ಟವರು ಆಮೇಲೆ ಅದನ್ನು ಕಾಯ್ದುಕೊಳ್ಳುವುದರಲ್ಲಿಯೇ ತೊಡಗುತ್ತಾರೆ. ಆ ಪ್ರಶ್ನೆಯನ್ನು ಪೂರ್ತಿಯಾಗಿ ಬಿಟ್ಟು, "ಮನಸ್ಸಿನಲ್ಲಿ ನಿಂತ ಒಂದು ದೃಶ್ಯವನ್ನು ಹೇಳಿ, ಅಲ್ಲಿ ಏನು ಕಂಡಿತು, ಏನು ಕೇಳಿಸಿತು ಎಂದಷ್ಟೇ ಹೇಳಿ" ಎಂದು ಕೇಳಲು ಆರಂಭಿಸಿದ ದಿನದಿಂದ ಕೂಟದ ಸ್ವರೂಪವೇ ಬದಲಾಯಿತು. ಎಲ್ಲರಿಗಿಂತ ಚಿಕ್ಕವರಿಂದ ಶುರುಮಾಡಿ. ಹಿರಿಯರು ಮೊದಲು ಮಾತಾಡಿದರೆ ಹುಡುಗರು ಅದನ್ನೇ ಒಪ್ಪಿಕೊಂಡು ಸುಮ್ಮನಾಗುತ್ತಾರೆ. ಎರಡು ಮೂರು ಮಂದಿ ಒಂದೇ ದೃಶ್ಯವನ್ನು ಹೆಸರಿಸಿದರೆ, ಅಥವಾ ಒಂದೇ ದೃಶ್ಯವನ್ನು ಇಬ್ಬರು ಎರಡು ಬಗೆಯಲ್ಲಿ ನೆನಪಿಟ್ಟುಕೊಂಡಿದ್ದರೆ, ಆ ದೃಶ್ಯವನ್ನು ಹಿಂದಕ್ಕೆ ತಿರುಗಿಸಿ ಮತ್ತೊಮ್ಮೆ ಹಾಕಿ. ಚಿತ್ರಮಂದಿರದಲ್ಲಿ ಸಿಗದ, ಮನೆಯಲ್ಲಿ ಮಾತ್ರ ಸಿಗುವ ಸೌಕರ್ಯವೆಂದರೆ ಇದೇ. "ಬೋರು" ಎನ್ನುವುದಕ್ಕೂ ಅಡ್ಡಿಯಿಲ್ಲ, ಆದರೆ ಯಾವ ದೃಶ್ಯದಲ್ಲಿ ಬೇಸರ ಶುರುವಾಯಿತೆಂದು ಹೇಳಬೇಕು ಎಂಬ ಒಂದೇ ಷರತ್ತು ಇಡಿ. ಬೇಸರವೂ ಒಳ್ಳೆಯ ಮಾತಿಗೆ ದಾರಿಯಾಗುತ್ತದೆ.

ಇನ್ನು ಹಳೆಯದು, ಹೊಸದು ಎಂಬ ಜಗಳದ ವಿಚಾರ. ಒಂದು ವಾರ ಹಿರಿಯರಿಗೆ, ಮುಂದಿನ ವಾರ ಕಿರಿಯರಿಗೆ ಎಂದು ಸರದಿ ಹಂಚಿದರೆ ಎರಡೂ ಗುಂಪಿನವರು ತಮ್ಮ ವಾರಕ್ಕಾಗಿ ಕಾಯುತ್ತಾರೆಯೇ ಹೊರತು ಒಬ್ಬರ ಚಿತ್ರಕ್ಕೆ ಇನ್ನೊಬ್ಬರು ಹತ್ತಿರವಾಗುವುದಿಲ್ಲ. ಒಂದೇ ವಿಷಯದ ಸುತ್ತ ಇರುವ ಒಂದು ಹಳೆಯ, ಒಂದು ಹೊಸ ಚಿತ್ರವನ್ನು ಆರಿಸಿ ಎರಡು ವಾರಗಳ ಜೋಡಿ ಮಾಡಿ ನೋಡಿ. ನಮ್ಮ ಕೂಟದಲ್ಲಿ ಎಲ್ಲಕ್ಕಿಂತ ಹೆಚ್ಚು ಮಾತಿಗೆ ಎಡೆಮಾಡಿದ ಜೋಡಿಯನ್ನು ಹೇಳುತ್ತೇನೆ: ರಾಮ್ ರೆಡ್ಡಿಯವರ "ತಿಥಿ" ಮತ್ತು ಗಿರೀಶ ಕಾಸರವಳ್ಳಿಯವರ "ಘಟಶ್ರಾದ್ಧ".

"ತಿಥಿ" 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದು, ಮರುವರ್ಷ ನಮ್ಮ ಚಿತ್ರಮಂದಿರಗಳಿಗೆ ಬಂತು. ಮಂಡ್ಯದ ಕಡೆಯ ಹಳ್ಳಿಯೊಂದರಲ್ಲಿ, ಅಲ್ಲಿನ ಜನರನ್ನೇ ಪಾತ್ರಗಳಿಗೆ ಹಾಕಿಕೊಂಡು, ಅವರ ಆಡುಮಾತಿನಲ್ಲಿಯೇ ಮಾಡಿದ ಚಿತ್ರ ಅದು. ದಾರಿಬದಿಯಲ್ಲಿ ಕುಳಿತು ಹೋಗಿಬರುವವರನ್ನೆಲ್ಲ ಬೈಯುತ್ತಿದ್ದ, ನೂರ ಒಂದು ವರ್ಷದ ಸೆಂಚುರಿ ಗೌಡ ಸತ್ತುಹೋಗುತ್ತಾನೆ. ಹನ್ನೊಂದನೆಯ ದಿನದ ತಿಥಿಯವರೆಗಿನ ಕಥೆಯೇ ಚಿತ್ರ. ಮಗ ಗಡ್ಡಪ್ಪನಿಗೆ ಆಸ್ತಿಯ ಗೊಡವೆ ಬೇಡ, ಅವನು ಹೊಲಗಳ ನಡುವೆ ತಿರುಗಾಡಿಕೊಂಡಿರುವವನು. ಮೊಮ್ಮಗ ತಮ್ಮಣ್ಣನಿಗೆ ಭೂಮಿ ಮಾರಬೇಕಾಗಿದೆ. ಅಪ್ಪ ಕಾಗದಪತ್ರದ ವ್ಯವಹಾರಕ್ಕೆ ಒಗ್ಗದಿದ್ದಾಗ, ಬದುಕಿರುವ ಅಪ್ಪನ ಹೆಸರಿನಲ್ಲಿ ಸುಳ್ಳು ಮರಣ ಪ್ರಮಾಣಪತ್ರ ಮಾಡಿಸಿ, ಕೈಗೆ ದುಡ್ಡು ಕೊಟ್ಟು, ಊರಿನಿಂದಾಚೆ ಕಳುಹಿಸುತ್ತಾನೆ. ಈ ಚಿತ್ರವನ್ನು ಮೊದಲು ಹಾಕಿ. ಹುಡುಗರು ನಗುತ್ತ ನೋಡುತ್ತಾರೆ, ಹಿರಿಯರು ಆ ಊರನ್ನು ಕೂಡಲೇ ಗುರುತು ಹಿಡಿಯುತ್ತಾರೆ. ನಮ್ಮಲ್ಲಿ ಗ್ರಾಮ ಲೆಕ್ಕಿಗರಾಗಿ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಅದುವರೆಗೆ ಎಂದೂ ಬಾಯಿಬಿಡದಿದ್ದ ಅವರು ಅಂದು ಮರಣ ಪ್ರಮಾಣಪತ್ರದಿಂದ ವಂಶವೃಕ್ಷಕ್ಕೆ, ಅಲ್ಲಿಂದ ಪೌತಿ ಖಾತೆಗೆ (ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದಕ್ಕೆ) ಕಾಗದ ಹೇಗೆ ನಡೆದುಹೋಗುತ್ತದೆ, ಅದರಲ್ಲಿ ಒಂದು ಸುಳ್ಳು ಎಲ್ಲಿ ಸುಲಭವಾಗಿ ನುಸುಳುತ್ತದೆ ಎಂಬುದನ್ನು ಮುಕ್ಕಾಲು ಗಂಟೆ ವಿವರಿಸಿದರು. ಕಾಲೇಜು ಹುಡುಗರು ಕಿವಿಗೊಟ್ಟು ಕೇಳಿದರು. ರಾತ್ರಿ ಕುರಿಗಾಹಿಗಳ ಬಿಡಾರದಲ್ಲಿ ಗಡ್ಡಪ್ಪ ತನ್ನ ಬದುಕಿನ ಕಥೆ ಹೇಳುವ ದೃಶ್ಯವನ್ನು ಮತ್ತೆ ಹಾಕಲು ಮರೆಯಬೇಡಿ. ಅಲ್ಲಿಯವರೆಗೆ ನಗುತ್ತಿದ್ದವರು ಅಲ್ಲಿ ಯಾಕೆ ಸುಮ್ಮನಾದರು ಎಂಬುದೊಂದನ್ನೇ ಹಿಡಿದು ಅರ್ಧ ಗಂಟೆ ಮಾತಾಡಬಹುದು.

ಮರುವಾರ "ಘಟಶ್ರಾದ್ಧ". ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿದ, 1977ರ ಈ ಕಪ್ಪು ಬಿಳುಪಿನ ಚಿತ್ರ ಕಾಸರವಳ್ಳಿಯವರು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತು ಬಂದು ಮಾಡಿದ ಮೊದಲ ಪೂರ್ಣಾವಧಿ ಚಿತ್ರ. ಶ್ರೇಷ್ಠ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿಯಾದ ಸ್ವರ್ಣ ಕಮಲ ಪಡೆದದ್ದು. ವೇದಪಾಠಶಾಲೆಗೆ ಕಲಿಯಲು ಬಂದ ನಾಣಿ ಎಂಬ ಪುಟ್ಟ ಹುಡುಗ, ಅವನನ್ನು ಅಕ್ಕರೆಯಿಂದ ಕಾಣುವ ಗುರುಗಳ ವಿಧವೆ ಮಗಳು ಯಮುನಕ್ಕ. ಅವಳು ಬಸುರಿಯಾದದ್ದು ಊರಿಗೆ ತಿಳಿದಾಗ ಏನಾಗುತ್ತದೆಂಬುದನ್ನು ಬಹುಮಟ್ಟಿಗೆ ಆ ಹುಡುಗನಿಗೆ ಕಂಡಷ್ಟನ್ನೇ ನಾವೂ ಕಾಣುತ್ತೇವೆ. ಬದುಕಿರುವವಳನ್ನು ಸತ್ತಳೆಂದು ಮಡಕೆ ಒಡೆದು ಕ್ರಿಯೆ ಮಾಡಿ ಹೊರಗೆ ಹಾಕುವುದೇ ಘಟಶ್ರಾದ್ಧ. ಚಿತ್ರ ಮುಗಿದು ದೀಪ ಹಾಕಿದ ಮೇಲೆ, ಹಿಂದಿನ ವಾರ ಎಲ್ಲರಿಗಿಂತ ಹೆಚ್ಚು ನಕ್ಕಿದ್ದ ಹುಡುಗಿ ಮೆಲ್ಲಗೆ ಹೇಳಿದ ಮಾತು ನನಗೆ ಇಂದಿಗೂ ನೆನಪಿದೆ: "ಇಲ್ಲಿ ಮಡಕೆ ಒಡೆದರು, ಅಲ್ಲಿ ಸೀಲು ಒತ್ತಿದರು." ಎರಡೂ ಚಿತ್ರಗಳಲ್ಲಿ ಬದುಕಿರುವ ಒಬ್ಬರನ್ನು ಮನೆಯವರೇ ಸತ್ತವರೆಂದು ಮಾಡುತ್ತಾರೆ ಎಂಬುದು, ಜೋಡಿಯನ್ನು ಆರಿಸಿದ ನನಗೇ ಆ ಮಾತು ಕೇಳುವವರೆಗೆ ಹೊಳೆದಿರಲಿಲ್ಲ, ಸಾವಿನ ಕ್ರಿಯೆ ಎರಡರಲ್ಲಿಯೂ ಇದೆ ಎಂದಷ್ಟೇ ಎಣಿಸಿದ್ದೆ. ಅಂದು ಎಂಬತ್ತು ದಾಟಿದ ಅಜ್ಜಿಯೊಬ್ಬರು ವಿಧವೆಯಾಗಿದ್ದ ತಮ್ಮ ಚಿಕ್ಕಜ್ಜಿಯ ಕೆಂಪು ಸೀರೆಯ ಬಗ್ಗೆ, ಆಕೆ ಮನೆಯ ಯಾವ ಬಾಗಿಲಿನಿಂದ ಒಳಗೆ ಬರಬೇಕಾಗಿತ್ತು ಎಂಬುದರ ಬಗ್ಗೆ, ಮೊಮ್ಮಕ್ಕಳೆದುರು ಮೊದಲ ಸಲ ಹೇಳಿದರು. ನಾವು ರಾತ್ರಿ ಹನ್ನೊಂದಕ್ಕೆ ಎದ್ದೆವು. ಸಿನಿಮಾ ನೋಡಿ ಮಾತಾಡುವುದರ ಸುಖವನ್ನು ನಾನು ಬಲ್ಲೆನಾದರೆ ಅದು ಅಂಥ ರಾತ್ರಿಗಳಿಂದ.

"ನಿಧಾನ" ಎಂಬ ದೂರು ಈ ಚಿತ್ರಕ್ಕೆ ಬಂದೇ ಬರುತ್ತದೆ. ವಾದ ಮಾಡಬೇಡಿ. ಯಮುನಕ್ಕ ಹುತ್ತದೊಳಗೆ ಕೈ ಹಾಕುವ ದೃಶ್ಯವನ್ನು ಮತ್ತೆ ಹಾಕಿ, ಒಂದು ಶಾಟ್ ಕತ್ತರಿಸಿ ಇನ್ನೊಂದು ಬರುವವರೆಗೆ ಎಷ್ಟು ಹೊತ್ತಾಗುತ್ತದೆಂದು ಮನಸ್ಸಿನಲ್ಲಿಯೇ ಎಣಿಸಲು ಹೇಳಿ. ಆಮೇಲೆ ಇದೇ ಹೊತ್ತು ಅರ್ಧವಾಗಿದ್ದರೆ ನಿಮಗೆ ಏನು ಕಾಣದೆ ಹೋಗುತ್ತಿತ್ತು ಎಂದು ಕೇಳಿ. ಬಿ.ವಿ. ಕಾರಂತರ ಸಂಗೀತ ಎಲ್ಲಿ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂಬುದನ್ನು ಗಮನಿಸಲು ಒಂದು ದೃಶ್ಯವನ್ನು ಪರದೆಗೆ ಬೆನ್ನು ಮಾಡಿ ಬರೀ ಕೇಳಿಸಿಕೊಳ್ಳುವುದೂ ಒಳ್ಳೆಯ ಅಭ್ಯಾಸ. ಹೀಗೆ ಎರಡು ಮೂರು ಸಲ ಮಾಡಿದ ಹುಡುಗರು ಮುಂದೆ ಹೊಸ ಚಿತ್ರಗಳಲ್ಲಿಯೂ ಹಿನ್ನೆಲೆ ಸಂಗೀತ ತಮ್ಮನ್ನು ಎಲ್ಲಿ ಬಲವಂತವಾಗಿ ಅಳುವಂತೆ ಮಾಡಲು ಹೊರಟಿದೆ ಎಂದು ತಾವೇ ಹಿಡಿಯುತ್ತಾರೆ.

ಒಂದು ಎಚ್ಚರಿಕೆ: "ಘಟಶ್ರಾದ್ಧ"ವನ್ನು ಮಸುಕಾದ, ಅಂಚು ಕತ್ತರಿಸಿದ ಪ್ರತಿಯಲ್ಲಿ ನೋಡಲು ಹೋಗಬೇಡಿ. ಈ ಚಿತ್ರವನ್ನು 4ಕೆ ಗುಣಮಟ್ಟದಲ್ಲಿ ಪುನರುಜ್ಜೀವನಗೊಳಿಸಿ 2024ರ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ್ದಾರೆ. ಆ ಪ್ರತಿಯ ಪ್ರದರ್ಶನ ಹತ್ತಿರದ ಊರಿನಲ್ಲಿ ಆದರೆ ಇಡೀ ಕೂಟವೇ ಬಸ್ಸು ಹತ್ತಿ ಹೋಗಿಬನ್ನಿ. ಮೂಲ ನೆಗೆಟಿವ್ ಅಥವಾ ಒಳ್ಳೆಯ ಪ್ರತಿ ಉಳಿದಿದ್ದರೆ ಮಾತ್ರ ಇಂಥ ಕೆಲಸ ಸಾಧ್ಯ. ಕನ್ನಡದ ಮೊದಲ ವಾಕ್ಚಿತ್ರವಾದ 1934ರ "ಸತಿ ಸುಲೋಚನಾ"ದ ಒಂದು ಪ್ರತಿಯೂ ಇಂದು ಉಳಿದಿಲ್ಲವೆಂಬುದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಎರಡನೆಯ ಜೋಡಿಗೆ ಅಕಿರಾ ಕುರೊಸಾವಾರ 1950ರ "ರಾಶೊಮಾನ್" ಮತ್ತು ರಕ್ಷಿತ್ ಶೆಟ್ಟಿಯವರ 2014ರ "ಉಳಿದವರು ಕಂಡಂತೆ" ಚೆನ್ನಾಗಿ ಹೊಂದುತ್ತವೆ. ಒಂದೇ ಘಟನೆಯನ್ನು ಬೇರೆ ಬೇರೆಯವರ ಬಾಯಿಂದ ಕೇಳುವ ಕ್ರಮ ಎರಡರಲ್ಲಿಯೂ ಇದೆ. ಒಂದು ಜಪಾನಿನ ಕಾಡಿನಲ್ಲಿ, ಇನ್ನೊಂದು ಮಲ್ಪೆಯ ಕಡಲ ದಂಡೆಯಲ್ಲಿ, ಹುಲಿವೇಷದ ತಾಸೆಯ ಸದ್ದಿನ ನಡುವೆ. "ರಾಶೊಮಾನ್" ಒಂದೂವರೆ ಗಂಟೆಗಿಂತ ಸ್ವಲ್ಪ ಕಡಿಮೆಯೇ ಇರುವುದರಿಂದ ಹೊರದೇಶದ ಚಿತ್ರಕ್ಕೆ ಹೊಸಬರಾದವರಿಗೂ ಭಾರವಾಗುವುದಿಲ್ಲ. ಅದರ ವಿಚಾರಣೆಯ ದೃಶ್ಯಗಳಲ್ಲಿ ಸಾಕ್ಷಿ ಹೇಳುವವರು ನೇರವಾಗಿ ನಮ್ಮತ್ತ ಮುಖ ಮಾಡಿ ಕೂರುತ್ತಾರೆ. ನ್ಯಾಯಾಧೀಶನ ಮುಖವಾಗಲಿ ದನಿಯಾಗಲಿ ಚಿತ್ರದಲ್ಲಿ ಎಲ್ಲಿಯೂ ಇಲ್ಲ. ಇದನ್ನು ಮೊದಲೇ ಹೇಳಿಬಿಡಬೇಡಿ. ಚಿತ್ರ ಮುಗಿದ ಮೇಲೆ "ನ್ಯಾಯಾಧೀಶ ಹೇಗಿದ್ದ?" ಎಂದು ಕೇಳಿ, ನಮ್ಮಲ್ಲಿ ಇಬ್ಬರು ಅವನ ಗಡ್ಡವನ್ನು ಕೂಡ ವರ್ಣಿಸಿದ್ದರು, ಹಿಂದಕ್ಕೆ ತಿರುಗಿಸಿ ನೋಡಿದಾಗ ತಾವೇ ಅವನ ಜಾಗದಲ್ಲಿ ಕೂತಿದ್ದೆವೆಂದು ತಿಳಿದು ಬೆರಗಾದರು. ಮಾತಿಲ್ಲದೆ ಮರ ಕಡಿಯುವವನು ಕಾಡಿನೊಳಗೆ ನಡೆದುಹೋಗುವ ಭಾಗವನ್ನೂ, ಎಲೆಗಳ ನಡುವಿನಿಂದ ಕ್ಯಾಮೆರಾ ನೇರವಾಗಿ ಸೂರ್ಯನತ್ತ ನೋಡುವುದನ್ನೂ ಎರಡನೆಯ ಸಲ ಹಾಕಲೇಬೇಕು. ಆರಂಭದ ಸುರಿಮಳೆ ಕ್ಯಾಮೆರಾಗೆ ಕಾಣಲೆಂದು ನೀರಿಗೆ ಕಪ್ಪು ಶಾಯಿ ಬೆರೆಸಿದ್ದರೆಂದು ಹೇಳಿದರೆ ಚಿಕ್ಕ ಮಕ್ಕಳು ಬಹಳ ಖುಷಿಪಡುತ್ತಾರೆ.

ಕಾದಂಬರಿ ಓದುವವರು ಮನೆಯಲ್ಲಿದ್ದರೆ ಪುಟ್ಟಣ್ಣ ಕಣಗಾಲರ "ಬೆಳ್ಳಿಮೋಡ", "ಶರಪಂಜರ"ಗಳನ್ನು ತ್ರಿವೇಣಿಯವರ ಕಾದಂಬರಿಗಳ ಜೊತೆಗಿಟ್ಟು ನೋಡಬಹುದು. ಅತ್ತೆಯವರಿಗೆ ಅದು ಹಿಡಿಸುತ್ತದೆಂದು ನನ್ನ ಊಹೆ. ಓದಿದ್ದನ್ನೂ ಕಂಡದ್ದನ್ನೂ ಹೋಲಿಸಿ ಹೇಳುವ ಕೆಲಸವನ್ನು ಅವರಿಗೇ ಬಿಡಿ.

ಉಪಕರಣದ ಬಗ್ಗೆ ತಾವು ಕೇಳಿದ್ದಕ್ಕೆ: ಪ್ರೊಜೆಕ್ಟರ್ ಈಗಲೇ ಬೇಕಾಗಿಲ್ಲ, ಇರುವ ಟಿವಿ ಸಾಕು. ಆದರೆ ಎರಡು ಸೆಟ್ಟಿಂಗ್‌ಗಳನ್ನು ಸರಿಪಡಿಸಿಕೊಳ್ಳಿ. "ರಾಶೊಮಾನ್"ನಂಥ ಹಳೆಯ ಚಿತ್ರಗಳ ಚೌಕಟ್ಟು ಹೆಚ್ಚು ಕಡಿಮೆ ನಾಲ್ಕಕ್ಕೆ ಮೂರರ ಪ್ರಮಾಣದ್ದು. ಟಿವಿ ಅದನ್ನು ಅಗಲಕ್ಕೆ ಎಳೆದು ಎಲ್ಲರ ಮುಖವನ್ನೂ ದಪ್ಪ ಮಾಡುತ್ತಿದ್ದರೆ ಮೂಲ ಪ್ರಮಾಣಕ್ಕೆ ತನ್ನಿ, ಎರಡು ಬದಿಯಲ್ಲಿ ಕಪ್ಪು ಉಳಿದರೆ ಉಳಿಯಲಿ. ಎರಡನೆಯದಾಗಿ, ಸಿನಿಮಾವನ್ನು ಸಾಮಾನ್ಯವಾಗಿ ಸೆಕೆಂಡಿಗೆ 24 ಚೌಕಟ್ಟುಗಳಂತೆ (ಬಿಡಿ ಚಿತ್ರಗಳಂತೆ) ತೆಗೆದಿರುತ್ತಾರೆ. ಹೊಸ ಟಿವಿಗಳು ನಡುನಡುವೆ ತಾವೇ ಚೌಕಟ್ಟುಗಳನ್ನು ಸೇರಿಸಿ ಎಲ್ಲವನ್ನೂ ಧಾರಾವಾಹಿಯಂತೆ ನುಣ್ಣಗೆ ಕಾಣಿಸುತ್ತವೆ. ಮೋಷನ್ ಸ್ಮೂದಿಂಗ್ ಅಥವಾ ಅಂಥದೇ ಹೆಸರಿನ ಆ ಸೌಲಭ್ಯವನ್ನು ಆಫ್ ಮಾಡಿ, ಸಿನಿಮಾ ಮೋಡ್‌ನಲ್ಲಿಡಿ. ಟಿವಿಯ ಸ್ವಂತ ಸ್ಪೀಕರಿನಲ್ಲಿ ಸಂಭಾಷಣೆ ಕೇಳದಿದ್ದರೆ ಮೊದಲು ಖರ್ಚು ಮಾಡಬೇಕಾದದ್ದು ಒಂದು ಸಾಧಾರಣ ಸೌಂಡ್‌ಬಾರಿಗೆ. ಅತ್ತೆಯವರು ಎದ್ದುಹೋಗುವುದಕ್ಕೆ ಮಾತು ಸರಿಯಾಗಿ ಕೇಳಿಸದಿರುವುದೂ ಕಾರಣವಾಗಿರಬಹುದು, ಒಮ್ಮೆ ವಿಚಾರಿಸಿ. ನಮ್ಮ ತಾಯಿಯವರ ವಿಷಯದಲ್ಲಿ ಹಾಗೆಯೇ ಆಗಿತ್ತು. ಕನ್ನಡ ಚಿತ್ರಕ್ಕೂ ಕನ್ನಡ ಅಕ್ಷರಗಳು ಕೆಳಗೆ ಬರುವಂತಾದ ಮೇಲೆ ಅವರು ಕೊನೆಯವರೆಗೆ ಕೂರತೊಡಗಿದರು.

ಕಾಫಿ, ತಿಂಡಿ ಚಿತ್ರ ಮುಗಿದ ಮೇಲಿರಲಿ, ನಡುವೆ ಬೇಡ. ಮೊಬೈಲುಗಳನ್ನು ಬೇರೆ ಕೋಣೆಯ ಒಂದು ಬುಟ್ಟಿಯಲ್ಲಿಡಿ. ಹಿರಿಯರ ಮೊಬೈಲುಗಳೂ ಅದರಲ್ಲಿರಬೇಕು. ಮುನ್ನುಡಿ ಎರಡು ನಿಮಿಷ ಮೀರದಿರಲಿ, ಕಥೆ ಹೇಳದಿರಲಿ. ಮುಂದೆ ಜನ ಹೆಚ್ಚಾಗಿ ಸಮುದಾಯ ಭವನದಲ್ಲಿ ತೋರಿಸಬೇಕೆಂದು ಅನ್ನಿಸಿದರೆ, ಟಿಕೆಟ್ ಇಲ್ಲದಿದ್ದರೂ, ಚಿತ್ರದ ಹಕ್ಕುದಾರರ ಅನುಮತಿಯನ್ನು ಮೊದಲೇ ಪಡೆಯಿರಿ.

"ಹಳ್ಳಿಯ ಜನರಿಗೆ ಇಂಥ ಚಿತ್ರಗಳು ಅರ್ಥವಾಗುತ್ತವೆಯೇ?" ಎಂದು ಮೇಲೆ ಒಬ್ಬರು ಸಂದೇಹ ಬರೆದಿದ್ದಾರೆ. ಮಲೆನಾಡಿನ ಹಳ್ಳಿ ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂ 1973ರಲ್ಲಿಯೇ ಚಿತ್ರಸಮಾಜ ಕಟ್ಟಿ, ಕೆ.ವಿ. ಸುಬ್ಬಣ್ಣನವರ ಮುಂದಾಳ್ತನದಲ್ಲಿ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಅಡಕೆ ತೋಟದ ಜನರ ಮುಂದಿಟ್ಟಿತ್ತು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಅಧ್ಯಾಪಕ ಸತೀಶ್ ಬಹಾದೂರ್ ಅವರು ಬಂದು ರಸಗ್ರಹಣ ಶಿಬಿರಗಳಲ್ಲಿ ಒಂದೊಂದು ದೃಶ್ಯವನ್ನೂ ಬಿಡಿಸಿ ತೋರಿಸುತ್ತಿದ್ದರು. ದೃಶ್ಯವನ್ನು ಮತ್ತೆ ಹಾಕಿ ಮಾತಾಡುವ ಕ್ರಮ ನಮಗೂ ಬಂದದ್ದು ಆ ಪರಂಪರೆಯನ್ನು ಬಲ್ಲ ಹಿರಿಯರಿಂದಲೇ.

ಆದ್ದರಿಂದ ಈ ಭಾನುವಾರ "ತಿಥಿ" ಹಾಕಿ. ಮುಗಿದ ಮೇಲೆ ಹತ್ತು ನಿಮಿಷ ಕಾಫಿ, ಆಮೇಲೆ ಎಲ್ಲರಿಗಿಂತ ಚಿಕ್ಕವರಿಂದ ಒಂದೊಂದು ದೃಶ್ಯ. ಅತ್ತೆಯವರು ಯಾವ ದೃಶ್ಯವನ್ನು ಹೇಳಿದರೆಂದು ಸೋಮವಾರ ಇಲ್ಲಿ ಬರೆಯಿರಿ. ಅದನ್ನು ನೋಡಿಕೊಂಡು ಮುಂದಿನ ಜೋಡಿಯನ್ನು ಸೂಚಿಸುತ್ತೇನೆ.